ಮೂವತ್ತೇಳರ ಸ್ವಂತ ಆಸ್ತಿ ಯಾವುದು?

ಒಂದೇ ಅಂಕಿಯನ್ನು ಮೂರು ಸಲ ಬರೆಯಿರಿ; ಬಂದ ಸಂಖ್ಯೆಯನ್ನು ಆ ಮೂರು ಅಂಕಿಗಳ ಮೊತ್ತದಿಂದ ಭಾಗಿಸಿರಿ; ಯಾವ ಅಂಕಿಯಿಂದ ಹೊರಟರೂ ಉತ್ತರ 37. ಈ ಸಂದೇಶ ಕಳೆದ ಕೆಲವು ತಿಂಗಳುಗಳಲ್ಲಿ ನನ್ನ ಮೊಬೈಲಿಗೆ ಆರೇಳು ಸಲ ಬಂದಿದೆ. ಕಳುಹಿಸಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಸೊಸೆಯ ಕಡೆಯ ಬಂಧುಗಳಿದ್ದಾರೆ, ಎದುರು ಮನೆಯವರೂ ಇದ್ದಾರೆ. "ಮೇಷ್ಟ್ರಿಗೆ ಲೆಕ್ಕವೆಂದರೆ ಪ್ರಾಣ" ಎಂಬ ವಿಶ್ವಾಸದಿಂದಲೇ ಎಲ್ಲರೂ ಕಳುಹಿಸಿದ್ದು, ಅದಕ್ಕೆ ನಾನು ಕೃತಜ್ಞ. 444ನ್ನು 12ರಿಂದ ಭಾಗಿಸಿದರೆ 37, 777ನ್ನು 21ರಿಂದ ಭಾಗಿಸಿದರೂ 37. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪ್ರತಿಯೊಂದು ಸಂದೇಶವೂ ಜೋಡಿಸಿದ ಎರಡು ಕೈಗಳ ಚಿತ್ರದೊಂದಿಗೆ, 37 ಒಂದು ದೈವೀ ಸಂಖ್ಯೆ ಎಂಬ ಘೋಷಣೆಯೊಂದಿಗೆ ಮುಗಿಯುತ್ತದೆ. ಹೀಗೇಕೆ ಆಗುತ್ತದೆ ಎಂಬ ಒಂದು ಸಾಲು ಯಾವುದರಲ್ಲಿಯೂ ಇರಲಿಲ್ಲ.

ನನ್ನ ತಕರಾರು ಇರುವುದು ಅಲ್ಲಿಯೇ. ಕಾರಣವನ್ನು ತೆಗೆದುಹಾಕಿ ಚಮತ್ಕಾರವನ್ನಷ್ಟೇ ಮಗುವಿನ ಕೈಗೆ ಕೊಡುವುದು, ಕಡಲೆಕಾಯಿಯ ಬೀಜ ತಿಂದು ಸಿಪ್ಪೆಯನ್ನು ದಾನ ಮಾಡಿದ ಹಾಗೆ. ಕಾರಣವಾದರೂ ಎಷ್ಟು ದೊಡ್ಡದು? 3 × 37 = 111. ಅಷ್ಟೇ. 444 ಎಂದರೆ ನಾಲ್ಕು 111ಗಳು, ಅಂದರೆ 4 × 3 × 37. ಅಂಕಿಗಳ ಮೊತ್ತ 4 × 3. ಅದನ್ನು ಭಾಗಿಸಿ ತೆಗೆದರೆ ಉಳಿಯುವುದು 37ಲ್ಲದೆ ಇನ್ನೇನು? ಐದನೆಯ ತರಗತಿಯ ಮಗುವಿಗೆ ಇದನ್ನು ತಿಳಿಸಲು ಎರಡು ನಿಮಿಷ ಸಾಕು. ತಿಳಿದ ಮೇಲೆ ಆ ಮಗು ಕೈಮುಗಿಯುವುದಿಲ್ಲ, "ಹಾಗಾದರೆ ನಾಲ್ಕು ಸಲ ಬರೆದರೆ?" ಎಂದು ಕೇಳುತ್ತದೆ. ನನಗೆ ಬೇಕಾದದ್ದು ಆ ಪ್ರಶ್ನೆ.

37ರಲ್ಲಿ ಇದಕ್ಕಿಂತ ಸೊಗಸಾದ ಇನ್ನೊಂದು ಆಟವಿದೆ. 37ರ ಮಗ್ಗಿಯಿಂದ ಮೂರಂಕಿಯ ಯಾವುದಾದರೂ ಸಂಖ್ಯೆಯನ್ನು ಆರಿಸಿಕೊಳ್ಳಿ. 37 × 4 = 148 ಇರಲಿ. ಮೊದಲ ಅಂಕಿಯನ್ನು ಎತ್ತಿ ಕೊನೆಗೆ ಇಟ್ಟರೆ 481. ಅದು 37 × 13. ಮತ್ತೊಮ್ಮೆ ಹಾಗೆಯೇ ಮಾಡಿದರೆ 814, ಅದು 37 × 22. ಹಾಗೆಯೇ 259, 592, 925 ಮೂರೂ 37ರ ಮಗ್ಗಿಯಲ್ಲಿವೆ. ಗಾಣದ ಎತ್ತು ಎಷ್ಟು ಸುತ್ತಿದರೂ ಗಾಣದ ಕಣದಲ್ಲಿಯೇ ಇರುವಂತೆ ಈ ಅಂಕಿಗಳು ಸುತ್ತುತ್ತವೆ. ಇದರ ಗುಟ್ಟು 999 = 27 × 37 ಎಂಬುದರಲ್ಲಿದೆ. 148ನ್ನು ಹತ್ತರಿಂದ ಗುಣಿಸಿದರೆ 1480. ಮುಂದಿನ 1ನ್ನು ಸಾವಿರದ ಸ್ಥಾನದಿಂದ ತೆಗೆದು ಬಿಡಿಯ ಸ್ಥಾನಕ್ಕೆ ತಂದೆವೆಂದರೆ 1000 ಕಳೆದು 1 ಕೂಡಿಸಿದಂತೆ, ಅಂದರೆ 999 ಕಳೆದಂತೆ. 1480 37ರ ಅಪವರ್ತ್ಯ, 999 ಕೂಡ 37ರ ಅಪವರ್ತ್ಯ. ವ್ಯತ್ಯಾಸವಾದ 481 ಬೇರೆ ಎಲ್ಲಿಗೆ ಹೋದೀತು?

ಇದೇ 999ರಿಂದ ಒಂದು ಉಪಯುಕ್ತ ಪರೀಕ್ಷೆಯೂ ಹುಟ್ಟುತ್ತದೆ. 1000ವನ್ನು 37ರಿಂದ ಭಾಗಿಸಿದರೆ ಶೇಷ 1. ಹತ್ತು ಲಕ್ಷಕ್ಕೂ ಶೇಷ 1, ನೂರು ಕೋಟಿಗೂ ಶೇಷ 1. ಆದ್ದರಿಂದ ಎಷ್ಟೇ ಉದ್ದದ ಸಂಖ್ಯೆಯಾಗಲಿ, ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಗುಂಪುಗಳನ್ನು ಕೂಡಿದರೆ ಸಾಕು. ಮೊತ್ತ 37ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಆಗುತ್ತದೆ. 4218 ಎಂದರೆ 4 + 218 = 222, ಅದು ಆರು 37; ಆದ್ದರಿಂದ 4218 ಕೂಡ 37ರ ಅಪವರ್ತ್ಯ. ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು ನೋಡಲು ಅಂಕಿಗಳನ್ನು ಒಂದೊಂದಾಗಿ ಕೂಡುವುದು ನಿಮಗೆಲ್ಲ ನೆನಪಿದೆಯಷ್ಟೆ? ಇದು ಅದರ ಅಣ್ಣ. ಈ ಪರೀಕ್ಷೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಒಂದು ದೊಡ್ಡ ಜಾಗದಲ್ಲಿ ಬೇಕಾಗುತ್ತದೆ.

ಇಂಥ ಆಟಗಳನ್ನು ಕೀಳಾಗಿ ಕಾಣುವವನು ನಾನಲ್ಲ. ನಮ್ಮ ನಾಡಿನಲ್ಲಿ ಇವಕ್ಕೆ ಹಿರಿಯ ಪರಂಪರೆಯಿದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದರು. ಅದರ ಗುಣಾಕಾರದ ಭಾಗದಲ್ಲಿ, ಗುಣಲಬ್ಧವು ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಲೆಕ್ಕಗಳನ್ನು ಕೊಟ್ಟಿದ್ದಾರೆ. 152207ನ್ನು 73ರಿಂದ ಗುಣಿಸಿರಿ ಎಂಬುದು ಅವುಗಳಲ್ಲಿ ಒಂದು. ಉತ್ತರ 11111111, ಎಂಟು ಒಂದುಗಳ ಸರ. 27994681ನ್ನು 441ರಿಂದ ಗುಣಿಸಿರಿ ಎಂಬುದು ಇನ್ನೊಂದು, ಉತ್ತರ 12345654321. ಹೀಗೆ ಲೆಕ್ಕ ಹೆಣೆದವರಿಗೆ ಒಳಗಿನ ರಚನೆ ತಿಳಿಯದೆ ಇರುವುದು ಸಾಧ್ಯವಿಲ್ಲ. ಕುರುಡಾಗಿ ಹುಡುಕಿದರೆ 152207 ಕೈಗೆ ಸಿಗುವ ಸಂಖ್ಯೆಯಲ್ಲ. 73 × 137 = 10001, ಆ 10001ನ್ನು 1111ರಿಂದ ಗುಣಿಸಿದರೆ ಎಂಟು ಒಂದುಗಳು; 1111 × 137 ಎಂದರೆ 152207. ಅಲ್ಲಿ ಕುಳಿತಿರುವ 73, ನಮ್ಮ 37ನ್ನು ತಿರುಗಿಸಿ ಬರೆದದ್ದು ಎಂಬುದನ್ನು ನೀವು ಆಗಲೇ ಗಮನಿಸಿರಬೇಕು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಹೊತ್ತು ಹೇಳಿದ್ದರಲ್ಲಿ 37ರ ಸ್ವಂತದ್ದು ಎಷ್ಟು?

ಶನಿವಾರದ ಕೊನೆಯ ಅವಧಿಯಲ್ಲಿ ನಾನು ಇಂಥ ಆಟಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದುದು ಕೆಲವರಿಗಾದರೂ ನೆನಪಿದ್ದೀತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮಗೆ ಎಂಟೇ ಬೆರಳು ಇದ್ದಿದ್ರೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನ್ನ ವೃತ್ತಿಜೀವನದಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೂ ಒಂದು. ನಾವು ಹತ್ತರ ಗುಂಪುಗಳಲ್ಲಿ ಎಣಿಸುವುದು ಕೈಬೆರಳುಗಳ ಕಾರಣದಿಂದ. ಎಂಟರ ಗುಂಪುಗಳಲ್ಲಿ ಎಣಿಸಿದರೆ 37 ಎಂದರೆ ನಾಲ್ಕು ಎಂಟುಗಳು ಮತ್ತು ಐದು. ಅದನ್ನು 45 ಎಂದು ಬರೆಯಬೇಕಾಗುತ್ತದೆ. ಆ ಲೋಕದಲ್ಲಿ 111 ಎಂದರೆ ಅರವತ್ತನಾಲ್ಕು, ಎಂಟು ಮತ್ತು ಒಂದು, ಒಟ್ಟು ನಮ್ಮ ಎಪ್ಪತ್ತಮೂರು! ಅಂದರೆ ಎಂಟು ಬೆರಳಿನ ಜನರಲ್ಲಿ ಮೂರಂಕಿಗಳ ಸುತ್ತಾಟವೂ, ಮೂರು ಮೂರರ ಗುಂಪು ಮಾಡಿ ಕೂಡುವ ಪರೀಕ್ಷೆಯೂ 73ರ ಪಾಲಾಗುತ್ತವೆ. 37ಕ್ಕೆ ಅವರ ಬರವಣಿಗೆಯಲ್ಲಿ ಈ ಎರಡೂ ಇಲ್ಲ. ಅಲ್ಲಿಯ ಸಂದೇಶಗಳು 73ಕ್ಕೆ ಕೈಮುಗಿಯುತ್ತಿದ್ದವು.

ಆದ್ದರಿಂದ ಈ ಆಟಗಳು 37 ತೊಟ್ಟ ಅಂಗಿಯ ಗುಣ, ಮೈಯ ಗುಣವಲ್ಲ. ಅಮೆರಿಕದ 'ಬಿಗ್ ಬ್ಯಾಂಗ್ ಥಿಯರಿ' ಎಂಬ ಹಾಸ್ಯ ಧಾರಾವಾಹಿಯ 2010ರ ಕಂತೊಂದರಲ್ಲಿ ಒಂದು ಪಾತ್ರ, 73 ಇಪ್ಪತ್ತೊಂದನೆಯ ಅವಿಭಾಜ್ಯ ಸಂಖ್ಯೆ, ಅದನ್ನು ತಿರುಗಿಸಿದ 37 ಹನ್ನೆರಡನೆಯದು, 21ನ್ನು ತಿರುಗಿಸಿದರೆ 12, ಅಲ್ಲದೆ 7 × 3 = 21 ಎಂದು ಬೀಗುತ್ತದೆ. ಎಲ್ಲವೂ ನಿಜ. ಇಂಥ ಸಂಖ್ಯೆ 73 ಬಿಟ್ಟು ಮತ್ತೊಂದಿಲ್ಲ ಎಂದು ಪೊಮರೆನ್ಸ್ ಮತ್ತು ಸ್ಪೈಸರ್ ಎಂಬ ಇಬ್ಬರು ಗಣಿತಜ್ಞರು 2019ರಲ್ಲಿ ಸಾಧಿಸಿಯೂ ತೋರಿಸಿದರು. ಅಂಗಿಯ ಗುಂಡಿ ಎಣಿಸಲಿಕ್ಕೂ ಗಂಭೀರ ಗಣಿತ ಬೇಕಾಗುತ್ತದೆ ಎಂಬುದು ನನಗೆ ಸಂತೋಷದ ವಿಷಯವೇ. ಆದರೂ ಅದು ಗುಂಡಿಯೇ.

ಮೈಗೂ ಅಂಗಿಗೂ ಇರುವ ಈ ಅಂತರ ತಿಳಿಯದಿದ್ದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ನಮ್ಮ ಮನೆಗಳಲ್ಲಿಯೇ ಆಗುತ್ತಿದೆ. ನಮ್ಮ ಬಂಧುಬಳಗದಲ್ಲಿ ಒಬ್ಬರು ಕಾರಿನ ನಂಬರಿನ ಅಂಕಿಗಳ ಮೊತ್ತ ಕೂಡಿಬರಲಿಲ್ಲವೆಂದು ಹೆಚ್ಚಿನ ಹಣ ತೆತ್ತು ಬೇರೆ ನಂಬರು ಪಡೆದರು. ಇನ್ನೊಂದು ಮನೆಯಲ್ಲಿ ಮಗುವಿನ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತು. ಅವರವರ ಹಣ, ಅವರವರ ನಂಬಿಕೆ. ನಾನು ಜಗಳಕ್ಕೆ ಹೋಗಲಿಲ್ಲ. ಆದರೆ ಲೆಕ್ಕದ ಮಾತಾದರೆ ಸುಮ್ಮನಿರಲಾರೆ. ಸಂಖ್ಯಾಶಾಸ್ತ್ರದವರ ಪ್ರಕಾರ 37 ಎಂದರೆ 3 + 7 = 10, 1 + 0 = 1, ಅದು ಸೂರ್ಯನ ಸಂಖ್ಯೆ. ಎಂಟು ಬೆರಳಿನವರ ಬರವಣಿಗೆಯಲ್ಲಿ ಅದೇ ಸಂಖ್ಯೆ 45. ನಾಲ್ಕು ಮತ್ತು ಐದು ಸೇರಿ ಒಂಬತ್ತು, ಅದನ್ನು ಅವರು 11 ಎಂದು ಬರೆಯುತ್ತಾರೆ. ಒಂದು ಮತ್ತು ಒಂದು ಎರಡು, ಅದು ಚಂದ್ರನದು. ಬರೆಯುವ ಕ್ರಮ ಬದಲಾಯಿಸಿದ ಮಾತ್ರಕ್ಕೆ ಸೂರ್ಯ ಚಂದ್ರನಾಗುವುದಾದರೆ, ಆ ಫಲ ಸಂಖ್ಯೆಯಲ್ಲಿ ಇತ್ತೇ ಅಥವಾ ನಮ್ಮ ಬೆರಳುಗಳಲ್ಲಿ ಇತ್ತೇ?

ದೇಹದ ಉಷ್ಣತೆ 37 ಡಿಗ್ರಿ ಎಂಬುದನ್ನೂ ಆ ಸಂದೇಶಗಳು ಸಾಕ್ಷಿಗೆ ಕರೆಯುತ್ತವೆ. ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳ ನಡುವೆ ನೂರು ಭಾಗ ಮಾಡಿದ್ದರಿಂದ ಬಂದ ಸಂಖ್ಯೆಯದು. ಫ್ಯಾರನ್‌ಹೀಟಿನಲ್ಲಿ ಅದೇ ಜ್ವರವಿಲ್ಲದ ಮೈ 98.6 ಆಗುತ್ತದೆ. ಗಂಡು ನೋಡುವಾಗ ಮೊದಲ ನೂರಕ್ಕೆ 37 ಮಂದಿಯನ್ನು ಬಿಟ್ಟು, ಅನಂತರ ಅವರೆಲ್ಲರಿಗಿಂತ ಮೇಲಾದ ಮೊದಲಿಗನನ್ನು ಒಪ್ಪಿಕೊಳ್ಳಬೇಕು ಎಂಬ ಸೂತ್ರವೂ ಇದೆ. ಅಲ್ಲಿರುವುದು ವಾಸ್ತವವಾಗಿ 36.78ರ ಆಸುಪಾಸಿನ ಒಂದು ಸಂಖ್ಯೆ. ಹತ್ತಿರದ ಪೂರ್ಣಾಂಕವೆಂದು 37 ಅಲ್ಲಿ ಬಂದು ಕುಳಿತಿದೆಯಷ್ಟೆ.

ಹಾಗಾದರೆ ಯಾವ ಬರವಣಿಗೆಯಲ್ಲಿಯೂ ಅಳಿಸಿಹೋಗದ, 37ರ ಸ್ವಂತ ಗುಣಗಳು ಯಾವುವು? ಒಂದನ್ನು ನೋಡಲು ಮನೆಯ ಅಂಗಳಕ್ಕೆ ಹೋದರೆ ಸಾಕು. ಏಳರಿಂದ ನಾಲ್ಕರವರೆಗೆ ನಡುಚುಕ್ಕಿ ಇಟ್ಟು ರಂಗೋಲಿ ಹಾಕುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಸಾಲುಗಳು 4, 5, 6, 7, 6, 5, 4. ಕೂಡಿ ನೋಡಿ, 37 ಚುಕ್ಕಿಗಳು. ಆಕಾರ ಆರು ಮೂಲೆಯದು. ಅದೇ 37 ಚುಕ್ಕಿಗಳನ್ನು ಅಳಿಸಿ 1, 2, 7, 6, 5, 6, 7, 2, 1 ಎಂದು ನಡುಚುಕ್ಕಿಯ ಸಾಲುಗಳಾಗಿ ಇಟ್ಟರೆ ಆರು ಮೊನೆಯ ನಕ್ಷತ್ರವಾಗುತ್ತದೆ. ಒಂದು ಚುಕ್ಕಿಯೂ ಮಿಗುವುದಿಲ್ಲ, ಒಂದೂ ಕಡಿಮೆಯಾಗುವುದಿಲ್ಲ. ಹೀಗೆ ಷಡ್ಭುಜವೂ ನಕ್ಷತ್ರವೂ ಆಗಬಲ್ಲ ಸಂಖ್ಯೆಗಳಲ್ಲಿ, ಒಂದನ್ನು ಬಿಟ್ಟರೆ, 37 ಮೊದಲನೆಯದು. ಮುಂದಿನದು 1261ರಷ್ಟು ದೂರದಲ್ಲಿದೆ, ಅದು 13 × 97 ಆದ್ದರಿಂದ ಅವಿಭಾಜ್ಯವೂ ಅಲ್ಲ. ಎಂಟು ಬೆರಳಿನವರಾಗಲಿ ಹನ್ನೆರಡು ಬೆರಳಿನವರಾಗಲಿ, ಚುಕ್ಕಿ ಇಟ್ಟರೆ ಇದೇ ಫಲ. ನನ್ನ ತಾಯಿಯವರಿಗೆ ಶಾಲೆಯ ಓದು ಎರಡನೆಯ ತರಗತಿಯವರೆಗೆ ಮಾತ್ರ; ಆದರೆ ಎಷ್ಟು ಚುಕ್ಕಿಗೆ ಯಾವ ಆಕಾರ ಕೂಡುತ್ತದೆ ಎಂಬುದು ಅವರ ಬೆರಳ ತುದಿಯಲ್ಲಿತ್ತು.

ಇನ್ನೊಂದು ಗುಣ ಇದಕ್ಕಿಂತ ಬಹಳ ಆಳದ್ದು, ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಎರಡು ವರ್ಗಗಳನ್ನು ಕೂಡಿದರೆ ಇನ್ನೊಂದು ವರ್ಗ ಬರಬಹುದು; 9 + 16 = 25 ನಿಮಗೆ ಗೊತ್ತಿರುವುದೇ. ಘನಗಳಲ್ಲಿ, ನಾಲ್ಕನೆಯ ಘಾತದಲ್ಲಿ, ಅದಕ್ಕಿಂತ ಹೆಚ್ಚಿನ ಯಾವ ಘಾತದಲ್ಲಿಯೂ ಪೂರ್ಣಸಂಖ್ಯೆಗಳಿಗೆ ಇದು ಸಾಧ್ಯವಿಲ್ಲ ಎಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಒಂದು ಪುಸ್ತಕದ ಅಂಚಿನಲ್ಲಿ ಬರೆದಿಟ್ಟ. ಸಾಧನೆಯನ್ನು ಬರೆಯಲು ಅಂಚು ಸಾಲದು ಎಂದೂ ಬರೆದ. 1847ರ ಮಾರ್ಚ್ 1ರಂದು ಪ್ಯಾರಿಸಿನ ಅಕಾಡೆಮಿಯಲ್ಲಿ ಲಾಮೆ ಎಂಬ ಗಣಿತಜ್ಞ ತನಗೆ ಸಾಧನೆ ಸಿಕ್ಕಿತೆಂದು ಸಾರಿದ. ಅದೇ ಸಭೆಯಲ್ಲಿ ಲ್ಯೂವಿಲ್ ಎದ್ದು ಒಂದು ಸಂದೇಹ ಎತ್ತಿದ. 30 ಎಂದರೆ 2 × 3 × 5, ಅವಿಭಾಜ್ಯಗಳಾಗಿ ಒಡೆಯಲು ಬೇರೆ ದಾರಿಯಿಲ್ಲ. ಆದರೆ ಲಾಮೆ ಬಳಸಿದ್ದ ಹೊಸ ಬಗೆಯ ಸಂಖ್ಯೆಗಳ ಲೋಕದಲ್ಲಿಯೂ ಒಡೆಯುವ ದಾರಿ ಒಂದೇ ಎಂಬುದಕ್ಕೆ ಆಧಾರವೇನು? ಕೆಲವೇ ವಾರಗಳಲ್ಲಿ ಬ್ರೆಸ್ಲಾವಿನಿಂದ ಎರ್ನ್‌ಸ್ಟ್ ಕುಮ್ಮರ್ ಅವರ ಪತ್ರ ಬಂತು. ಅಲ್ಲಿ ಒಡೆಯುವ ದಾರಿ ಒಂದೇ ಅಲ್ಲವೆಂದು ತಾವು 1844ರಲ್ಲಿಯೇ ಪ್ರಕಟಿಸಿರುವುದಾಗಿಯೂ, ಆ ಕೊರತೆಯನ್ನು ತುಂಬುವ ಉಪಾಯವೊಂದನ್ನು ಕಂಡಿರುವುದಾಗಿಯೂ ಅವರು ತಿಳಿಸಿದ್ದರು. ಈ ಕುಮ್ಮರ್ ಹತ್ತು ವರ್ಷ ಲೀಗ್‌ನಿಟ್ಸ್ ಎಂಬ ಊರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ದಾಖಲಿಸುತ್ತೇನೆ. ಮುಂದೆ ದೊಡ್ಡ ಹೆಸರು ಮಾಡಿದ ಕ್ರೋನೆಕರ್ ಅವರ ಆ ಶಾಲೆಯ ವಿದ್ಯಾರ್ಥಿ.

ಕುಮ್ಮರ್ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಗೂ ಅದರ ಲೋಕದಲ್ಲಿ ಈ ಕೊರತೆ ಎಷ್ಟಿದೆ ಎಂದು ಅಳೆಯುವ ಒಂದು ಎಣಿಕೆಯನ್ನು ಜೋಡಿಸಿದರು. ಆ ಅವಿಭಾಜ್ಯವು ತನ್ನ ಎಣಿಕೆಯನ್ನು ನಿಶ್ಶೇಷವಾಗಿ ಭಾಗಿಸದಿದ್ದರೆ ಅದು ನಿಯತ ಅವಿಭಾಜ್ಯ. ಅಂಥ ಎಲ್ಲ ಘಾತಗಳಿಗೂ ಫರ್ಮಾನ ಹೇಳಿಕೆ ಸತ್ಯವೆಂದು ಒಂದೇ ಏಟಿಗೆ ಸಾಧಿಸಿದರು. 3, 5, 7, 11 ಎಲ್ಲವೂ ಸಲೀಸಾಗಿ ದಾಟಿಹೋದವು. 23ಕ್ಕೆ ಕೊರತೆಯ ಎಣಿಕೆ 3 ಬಂತು, ಆದರೆ 23 ಅದನ್ನು ಭಾಗಿಸುವುದಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. 29, 31 ಕೂಡ ದಾಟಿದವು. 37ಕ್ಕೆ ಬಂದಾಗ ಬಂಡಿ ನಿಂತಿತು. 37ರ ಕೊರತೆಯ ಎಣಿಕೆ 37! ಭಾಗಿಸದೆ ಇರುವುದು ಹೇಗೆ? ಅನಿಯತ ಅವಿಭಾಜ್ಯಗಳಲ್ಲಿ 37 ಮೊಟ್ಟಮೊದಲನೆಯದು. ನೂರರೊಳಗೆ ಅದರ ಜೊತೆಗಿರುವವು 59 ಮತ್ತು 67 ಮಾತ್ರ. ಈ ಮೂರು ತುಂಟರಿಗಾಗಿ ಕುಮ್ಮರ್ 1857ರಲ್ಲಿ ಬೇರೆಯೇ ವಾದವನ್ನು ಹೂಡಬೇಕಾಯಿತು. ಅದರಲ್ಲಿ ಉಳಿದಿದ್ದ ತೆರವುಗಳನ್ನು ಅನಂತರ ಅಮೆರಿಕದ ವ್ಯಾಂಡಿವರ್ ತುಂಬಿದರು. ಎಲ್ಲ ಘಾತಗಳಿಗೂ ಸಾಧನೆ ಸಿಕ್ಕಿದ್ದು ಆಂಡ್ರ್ಯೂ ವೈಲ್ಸ್ ಅವರಿಂದ, 1994ರಲ್ಲಿ. ಇಂಥ ಅನಿಯತ ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೆನ್ಸನ್ 1915ರಲ್ಲಿ ಸಾಧಿಸಿದರು. ನಿಯತವಾದವುಗಳಿಗೆ ಕೊನೆಯಿಲ್ಲವೆಂಬ ಸಾಧನೆ ಮಾತ್ರ, ವಿಚಿತ್ರವೆಂದರೆ, ಇಂದಿಗೂ ಯಾರಿಗೂ ದೊರೆತಿಲ್ಲ.

ಕೊರತೆಯ ಎಣಿಕೆಯನ್ನು ಲೆಕ್ಕ ಹಾಕುವುದು ಕಷ್ಟ. ಅದೃಷ್ಟವಶಾತ್ ಕುಮ್ಮರ್ ಒಂದು ಅಡ್ಡದಾರಿಯನ್ನೂ ತೋರಿಸಿದರು, ಅದು ಬರ್ನೂಲಿ ಸಂಖ್ಯೆಗಳ ದಾರಿ. ಮೊದಲ ಹಲವು ಸಂಖ್ಯೆಗಳ ವರ್ಗಗಳ ಮೊತ್ತ, ಘನಗಳ ಮೊತ್ತ ಎಂದು ಸೂತ್ರ ಬಾಯಿಪಾಠ ಮಾಡಿದ್ದೀರಲ್ಲ, ಆ ಎಲ್ಲ ಸೂತ್ರಗಳನ್ನು ಒಟ್ಟಿಗೆ ಹೆಣೆಯುವ ಭಿನ್ನರಾಶಿಗಳವು. ಎರಡನೆಯದು 1/6, ನಾಲ್ಕನೆಯದು −1/30, ಹೀಗೆ ಸಾಗುತ್ತವೆ. ನಮ್ಮ ಶ್ರೀನಿವಾಸ ರಾಮಾನುಜನ್ ಅವರ ಮೊದಲ ಸಂಶೋಧನ ಪ್ರಬಂಧ, 1911ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾದದ್ದು, ಈ ಬರ್ನೂಲಿ ಸಂಖ್ಯೆಗಳನ್ನು ಕುರಿತದ್ದೇ. ಅದರಲ್ಲಿ ಅವರು, ಪ್ರತಿ ಬರ್ನೂಲಿ ಸಂಖ್ಯೆಯನ್ನು ಅದರ ಕ್ರಮಾಂಕದಿಂದ ಭಾಗಿಸಿ ಸಂಕ್ಷೇಪಿಸಿದರೆ ಅಂಶದಲ್ಲಿ ಉಳಿಯುವುದು ಅವಿಭಾಜ್ಯವೆಂದು ಬರೆದರು. ಅದು ಇಪ್ಪತ್ತನೆಯದರಲ್ಲಿಯೇ ಮುರಿದುಬೀಳುತ್ತದೆ: ಅಲ್ಲಿಯ ಅಂಶ 174611, ಅದು 283 × 617. ಮಹಾಪ್ರತಿಭೆಯ ಹೇಳಿಕೆಗೂ ಸಾಧನೆ ಬೇಕು ಎಂಬುದಕ್ಕೆ ಮಕ್ಕಳಿಗೆ ನಾನು ಕೊಡುವ ಉದಾಹರಣೆ ಇದು. ಇದರಿಂದ ರಾಮಾನುಜನ್ ಅವರ ಎತ್ತರ ಒಂದಂಗುಲವೂ ಇಳಿಯುವುದಿಲ್ಲ.

ಕುಮ್ಮರ್ ಪರೀಕ್ಷೆ ಇಷ್ಟೇ: 37ಕ್ಕಾದರೆ, ಎರಡನೆಯದರಿಂದ ಮೂವತ್ತನಾಲ್ಕನೆಯದರವರೆಗಿನ ಸಮ ಕ್ರಮಾಂಕದ ಬರ್ನೂಲಿ ಸಂಖ್ಯೆಗಳ ಅಂಶಗಳಲ್ಲಿ ಯಾವುದಾದರೂ 37ರಿಂದ ಭಾಗವಾಗುತ್ತದೆಯೇ ನೋಡಬೇಕು. ಮೂವತ್ತೆರಡನೆಯದರ ಛೇದ 510. ಅಂಶ, ಋಣ ಚಿಹ್ನೆಯನ್ನು ಬಿಟ್ಟರೆ, 7709321041217. ಹದಿಮೂರು ಅಂಕಿಗಳು. ಭಾಗಿಸಲು ಹೊರಡಬೇಡಿ. ಮೂರು ಮೂರರ ಗುಂಪು ಮಾಡಿ: 7, 709, 321, 041, 217. ಕೂಡಿದರೆ 1295. ಮತ್ತೆ ಗುಂಪು ಮಾಡಿದರೆ 1 ಮತ್ತು 295, ಮೊತ್ತ 296. ಎಂಟು ಮೂವತ್ತೇಳು ಇನ್ನೂರ ತೊಂಬತ್ತಾರು.

ನಾನು ಅಂಗಿ ಎಂದು ಕರೆದ ಆಟವೇ ಮೈಯ ಅತ್ಯಂತ ಒಳಗಿನ ಗುಣವನ್ನು ಹೀಗೆ ಒಂದು ನಿಮಿಷದಲ್ಲಿ ತೋರಿಸಿಕೊಡುತ್ತದೆ. ಎಲ್ಲರೂ ಬೆರಗಾಗಿ ಕುಳಿತಿದ್ದ ಜಾಗದಲ್ಲಿ ಏಕೆ ಎಂದು ಕೇಳಿದ ಮಗುವಿಗೆ ಮಾತ್ರ ಆ ಆಟ ಉಪಕರಣವಾಗಿ ಕೈಗೆ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ಶೀಘ್ರ ಗಣಿತದ ತರಗತಿಗಳಿಗೆ ನಿಮ್ಮ ಮಕ್ಕಳನ್ನು ಕಳುಹಿಸುತ್ತೀರಿ. ಅಲ್ಲಿ ನೂರು ಉಪಾಯ ಕಲಿಸುತ್ತಾರೆ. ಕಲಿಯಲಿ. ಆದರೆ ಮನೆಗೆ ಬಂದ ಮೇಲೆ, ಒಂದೇ ಒಂದು ಉಪಾಯಕ್ಕಾದರೂ ಕಾರಣವನ್ನು ಅವರ ಬಾಯಿಂದಲೇ ಹೇಳಿಸಿ. ಹೇಳಲಾಗದಿದ್ದರೆ ಇಬ್ಬರೂ ಕುಳಿತು ಹುಡುಕಿ. ನಿಮಗೂ ಸಿಗದಿದ್ದರೆ ನನಗೆ ಫೋನು ಮಾಡಿ, ಸಂಜೆ ಆರರ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ.

ಉಳಿದ ಇಬ್ಬರು ತುಂಟರ ವಿಷಯವನ್ನು ಕೇಳುವವರಿದ್ದರೆ: 59ಕ್ಕೆ ನಲವತ್ತನಾಲ್ಕನೆಯ ಬರ್ನೂಲಿ ಸಂಖ್ಯೆ, 67ಕ್ಕೆ ಐವತ್ತೆಂಟನೆಯದು ಅಡ್ಡ ಬರುತ್ತವೆ. ಅಲ್ಲಿ ಗುಂಪು ಮಾಡಿ ಕೂಡುವ ಸುಖವಿಲ್ಲ. 1/37ರ ದಶಮಾಂಶ 0.027027 ಎಂದು ಮೂರೇ ಅಂಕಿಗಳಲ್ಲಿ ಮರಳಿ ಬರುತ್ತದೆ. 1/67ರದು ಮರಳುವುದಕ್ಕೆ 33 ಅಂಕಿಗಳು, 1/59ರದಕ್ಕೆ 58 ಅಂಕಿಗಳು ಬೇಕು. ಆ ಎರಡಕ್ಕೆ ಉದ್ದ ಭಾಗಾಕಾರವೇ ಗತಿ.